ಹಿಡಿಯುವವನು ಏಳುವ ತನಕ

ಹಾರ್ಕರ್ಸ್ ಗ್ಯಾಪ್, ಪೆನ್ಸಿಲ್ವೇನಿಯಾ
14 ಸೆಪ್ಟೆಂಬರ್ 1986, ಭಾನುವಾರ

ತಮ್ಮ ಎಮಿಲ್‌ಗೆ, ನಿನ್ನ ಅಕ್ಕ ಯೋಲಾನಾ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿರುವುದು.

ಕ್ರಿಸ್ಮಸ್ ಇನ್ನೂ ದೂರವಿರುವಾಗ ನನ್ನ ಕಾಗದ ಬಂದದ್ದು ನೋಡಿ ಎದೆ ಧಸಕ್ಕೆಂದಿತೇನೋ. ಪ್ರತಿ ವರ್ಷ ಒಹಾಯೊದಿಂದ ನಿನ್ನ ಕಾರ್ಡು ಬರುತ್ತದೆ. ಅದರಲ್ಲಿ ಒಂದೇ ಸಾಲು, “ನಮ್ಮ ಲ್ಯಾಂಟರ್ನ್ಸ್ ಈ ಸಲ ಹೇಗೆ ಆಡಿದರು?” ನಮ್ಮೂರ ತಂಡ ಗೆದ್ದದ್ದು ಇಷ್ಟು, ಸೋತದ್ದು ಇಷ್ಟು ಎಂದು ನಾನು ಬರೆದು ಹಾಕುತ್ತೇನೆ. ನಿನ್ನ ಒಡಹುಟ್ಟಿದ ಸಿರಿಲ್ ಹೇಗಿದ್ದಾನೆ ಎಂದು ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಒಡಹುಟ್ಟಿದವರು ಮೂವತ್ತೇಳು ವರ್ಷ ಬೇಸ್‌ಬಾಲ್ ಒಂದನ್ನೇ ಮಾತಾಡಿಕೊಂಡು ಬದುಕಿದೆವು.

ಈ ಸಲ ಕೇಳದೆ ಹೇಳುತ್ತಿದ್ದೇನೆ. ಸಿರಿಲ್ ಉಳಿಯುವುದಿಲ್ಲ. ಗಣಿಯ ಧೂಳು ಅವನ ಎದೆಯನ್ನು ಹಳೆಯ ಹೊಗೆಗೂಡಿನ ಹಾಗೆ ಮಾಡಿಬಿಟ್ಟಿದೆ. ನಾಲ್ಕು ದಿಂಬು ಒರಗಿಸಿ ಕೂರಿಸಿದರೆ ಉಸಿರು, ಮಲಗಿಸಿದರೆ ಇಲ್ಲ. ಎಲೆ ಉದುರುವುದರೊಳಗೆ ಎಂದರು ಡಾಕ್ಟರು. ಮೊನ್ನೆ ಅವನು ನಿನ್ನ ಹೆಸರು ಎತ್ತಿದ. ಎಷ್ಟು ವರ್ಷದ ಮೇಲೆ ಆ ಬಾಯಲ್ಲಿ ಆ ಹೆಸರು!

ನಮ್ಮ ತಂಡದವರು ಸತ್ತರೆ ಪದ್ಧತಿ ಏನೆಂದು ನಿನಗೆ ಗೊತ್ತು. ಪೆಟ್ಟಿಗೆಗೆ ಹೆಗಲು ಕೊಡುವುದು ಜೊತೆಗೆ ಆಡಿದವರೇ. ಚೆಂಡು ಎಸೆಯುತ್ತಿದ್ದವನು ಸತ್ತರೆ ಅವನ ಚೆಂಡು ಹಿಡಿಯುತ್ತಿದ್ದವನು ಮೊದಲು ಏಳಬೇಕು, ಕೈಯಲ್ಲಿ ಗ್ಲೌಸ್ ಹಿಡಿದು ಮುಂದೆ ನಡೆಯಬೇಕು. ಅವನು ಏಳುವ ತನಕ ಉಳಿದವರು ಚರ್ಚಿನ ಬೆಂಚಿನಿಂದ ಕದಲುವುದಿಲ್ಲ. ಪಾವೊಲ್ ಕಚ್ಮಾರ್‌ನ ಬಾರಿಗೆ ಹೋಗಿ ಕೇಳಿಕೊಂಡೆ. ಎಡಗಡೆ ಮೈದಾನದಲ್ಲಿ ಓಡುತ್ತಿದ್ದ ಅದೇ ಪಾವೊಲ್, ಈಗ ಹೊಟ್ಟೆ ಗಲ್ಲಾಪೆಟ್ಟಿಗೆಗೆ ತಾಗುತ್ತದೆ. “ಯೋಲಾನಕ್ಕಾ, ಎಮಿಲ್ ಎದ್ರೆ ನಾವೆಲ್ಲ ಏಳ್ತೀವಿ. ಅವ್ನು ಏಳ್ದೆ ಇದ್ರೆ ಕಂಪ್ನಿ ನಾಯೀನ ಹೊರೋಕೆ ನಮ್ಗೇನು ಗ್ರಹಚಾರ?” ಎಂದ. “ಆ ನಾಯಿ ಎಸೆದ ಚೆಂಡಿನಿಂದ ತಾನೆ ನೀನು ಊರೂರಲ್ಲಿ ಮೆರೆದದ್ದು, ಹೊಟ್ಟೆಬಾಕಾ?” ಎಂದೆ. ತಲೆ ತಗ್ಗಿಸಿ ಗ್ಲಾಸು ಒರೆಸಿದ. ಆದರೆ ಮಾತು ಬದಲಿಸಲಿಲ್ಲ.

ಸಿರಿಲ್‌ನ ಚೆಂಡು ಹಿಡಿಯುತ್ತಿದ್ದವನು ನೀನು, ಆದ್ದರಿಂದ ನೀನು ಬರಬೇಕು. ಕೇಳುವುದು ಅಷ್ಟೇ. ಆದರೂ ನಾನು ಕಂಡ ಪಂದ್ಯಗಳಲ್ಲಿ ಮೂರನ್ನು ಹೇಳದೆ ಈ ಕಾಗದ ಮುಗಿಸಲಾರೆ. ನಾನು ಮದುವೆಯಾಗಲಿಲ್ಲ. ಆರು ದಿನ ಅಂಗಿ ಫ್ಯಾಕ್ಟರಿ, ಏಳನೆಯ ದಿನ ಪ್ರಾರ್ಥನೆ, ಪ್ರಾರ್ಥನೆ ಮುಗಿದರೆ ಮೈದಾನ, ಇಷ್ಟೇ ನನ್ನ ಬಾಳು. ನನ್ನಷ್ಟು ನೋಡಿದವರು ಈ ಊರಲ್ಲಿ ಈಗ ಯಾರೂ ಉಳಿದಿಲ್ಲ.

ಮೊದಲನೆಯದು ನೀವಿಬ್ಬರೂ ಇನ್ನೂ ಹುಡುಗರಾಗಿದ್ದಾಗ ಗಣಿಗಾಡಿನ ಕಪ್ ಗೆದ್ದ ಭಾನುವಾರ. ಚೆಂಡು ಎಸೆಯುವ ದಿಬ್ಬದ ಮೇಲೆ ಸಿರಿಲ್, ಬ್ಯಾಟ್ ಹಿಡಿದವನು ನಿಲ್ಲುವ ಹೋಮ್ ಬೇಸಿನ ಹಿಂದೆ ಕುಕ್ಕರುಗಾಲಲ್ಲಿ ನೀನು, ಮೂರನೇ ಬೇಸಿನಲ್ಲಿ ನಮ್ಮಣ್ಣ ಮಾತುಷ್. ಕೊನೆಯ ಆಟಗಾರ ಬ್ಯಾಟ್ ಹಿಡಿದಾಗ ನೀನು ಎದ್ದು ದಿಬ್ಬಕ್ಕೆ ಹೋಗಿ ಸಿರಿಲ್‌ನ ಕಿವಿಯಲ್ಲಿ ಏನೋ ಅಂದೆ. ಜನ ಉಸಿರು ಬಿಗಿಹಿಡಿದರು, ಎಂಥ ಹಂಚಿಕೆ ಹೂಡಿದನೋ ಎಂದು. ಆಮೇಲೆ ಸಿರಿಲ್ ನನಗೆ ಹೇಳಿದ, ನೀನು ಕೇಳಿದ್ದು “ಅಮ್ಮ ಇವತ್ತು ಊಟಕ್ಕೆ ಹಾಲುಷ್ಕಿ ಮಾಡಿದ್ದಾಳಾ, ಪಿರೋಹಿನಾ?” ಎಂದಂತೆ! ಮೂರೇ ಎಸೆತ, ಮೂರೂ ನಿನ್ನ ಗ್ಲೌಸಿಗೆ ಠಪ್ ಠಪ್ ಠಪ್, ಅಲ್ಲಿಗೆ ಅವನು ಔಟ್. ಎರಡನೆಯದನ್ನು ಸರಿ ಅನ್ನಲು ಅಂಪೈರ್ ತಡಮಾಡಿದಾಗ ನಾನು ಬೇಲಿ ಹತ್ತಿ, “ಕನ್ನಡಕ ಹೆಂಡ್ತಿ ಹತ್ರ ಬಿಟ್ಟು ಬಂದ್ಯೇನಯ್ಯಾ, ಹೋಗಿ ತಗೊಂಡ್ ಬಾ, ನಾವ್ ಕಾಯ್ತೀವಿ!” ಎಂದು ಕಿರುಚಿದ್ದೆ. ಪಾದ್ರಿಗಳೇ ನಕ್ಕರು. ಅವತ್ತು ಮಾತುಷ್ ನಿಮ್ಮಿಬ್ಬರನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಮನೆಗೆ ತಂದ.

ಎರಡನೆಯದು ಏಳನೇ ನಂಬರ್ ಗಣಿ ಸಿಡಿದ ಮೇಲಿನ ಮೊದಲ ಪಂದ್ಯ. ಮಾತುಷ್‌ನ ಹೆಣವನ್ನೂ ಇನ್ನಿಬ್ಬರದನ್ನೂ ಹೊರಗೆ ತರಲಾಗಲಿಲ್ಲ. ಕೆಳಗಿನ ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿದರು. ಮೈದಾನದಲ್ಲಿ ಮೂರನೇ ಬೇಸಿನ ಜಾಗ ಖಾಲಿ ಬಿಟ್ಟು ಎಂಟೇ ಜನ ನಿಂತಿರಿ. ಎದುರಾಳಿಯ ಮೊದಲ ಆಟಗಾರ ಹೊಡೆದ ಚೆಂಡು, ದೇವರ ಆಟವೋ ಏನೋ, ಸರಿಯಾಗಿ ಆ ಖಾಲಿ ಜಾಗಕ್ಕೇ ಉರುಳಿತು. ಯಾರೂ ಹಿಂದೆ ಓಡಲಿಲ್ಲ. ಆ ಹುಡುಗನೂ ಗಣಿಯವನೇ. ಒಂದನೇ ಬೇಸಿಗೆ ಹೋಗಿ ನಿಂತು ಟೋಪಿ ತೆಗೆದ. ಇನ್ನೂ ಓಡಬಹುದಿತ್ತು, ಓಡಲಿಲ್ಲ. ಹುಲ್ಲಿನಲ್ಲಿ ಬಿದ್ದ ಚೆಂಡನ್ನು ಕೊನೆಗೆ ಸಿರಿಲ್ಲೇ ನಡೆದು ಹೋಗಿ ಎತ್ತಿಕೊಂಡ. ರಾತ್ರಿ ಊಟಕ್ಕೆ ಕೂತಾಗ ಅವನು ಆಡಿದ್ದು ಒಂದೇ ಮಾತು: “ಕೆಳ್ಗಡೆ ನೀರು ಬರ್ತಾ ಇದೆ ಅಕ್ಕಾ. ನನ್ ಪಂಪು ನಿಂತ್ರೆ ಅಣ್ಣ ಮುಳುಗ್ತಾನೆ.” ಅವನ ಕೆಲಸವೇ ಅದಾಗಿತ್ತಲ್ಲ, ಗಣಿಯ ನೀರು ಎತ್ತುವುದು.

ಮೂರನೆಯದು ಮುಷ್ಕರದ ವರ್ಷದ್ದು. ಪಂಪಿನವರೂ ಹೊರಗೆ ಬರಬೇಕು, ಗಣಿ ಮುಳುಗುವ ಭಯ ಹುಟ್ಟಿದರೇ ಕಂಪನಿ ಬಗ್ಗುವುದು ಎಂದು ಯೂನಿಯನ್ ತೀರ್ಮಾನ ಮಾಡಿತು. ನೀನು ಗೇಟಿನಲ್ಲಿ ಕಾವಲು ನಿಂತವನು. ಸಿರಿಲ್ ನಿನ್ನ ಕಣ್ಣೆದುರೇ ಗೇಟು ದಾಟಿ ಕೆಳಗಿಳಿದ. ಏಕೆ ಇಳಿದ ಎಂದು ಊರಿಗೆಲ್ಲ ಗೊತ್ತಿತ್ತು, ಅವನೇನು ಮುಚ್ಚಿಡಲಿಲ್ಲ. ಆದರೆ ಪಂಪು ಓಡುತ್ತಿರುವ ತನಕ ಕಂಪನಿಗೆ ಅವಸರವೇನು? ಸಾಲುಮನೆಗಳಲ್ಲಿ ಒಲೆ ಆರಿ, ಕೂಸುಗಳು ಅಳತೊಡಗಿದವು. ಆ ಭಾನುವಾರವೂ ಅವನು ತಂಡದ ಅಂಗಿ ತೊಟ್ಟು ದಿಬ್ಬದ ಮೇಲೆ ಬಂದು ನಿಂತ. ಕೂತ ಜನವೆಲ್ಲ ಎದ್ದು ಬೆನ್ನು ತಿರುಗಿಸಿದರು. ನಾನು ತಿರುಗಲಿಲ್ಲ, ಅದಕ್ಕೇ ಅಷ್ಟನ್ನೂ ಕಂಡೆ. ಸಿರಿಲ್ ಎಸೆದ. ನೀನು ಗ್ಲೌಸ್ ಎತ್ತಲಿಲ್ಲ. ಚೆಂಡು ನಿನ್ನ ಭುಜದ ಪಕ್ಕದಲ್ಲೇ ಹಾದು ಹಿಂದಿನ ಹಲಗೆಗೆ ಬಡಿಯಿತು. ಇನ್ನೊಂದು ಎಸೆದ. ಮತ್ತೆ ಹಲಗೆಗೆ. ಮೂರನೆಯದು ಬಡಿದ ಮೇಲೆ ನೀನು ಮುಖದ ಜಾಲರಿ ಕಳಚಿ ಹೋಮ್ ಬೇಸಿನ ಮೇಲಿಟ್ಟು ನಡೆದುಬಿಟ್ಟೆ. ಅವನು ಕೈಯಲ್ಲಿ ಚೆಂಡಿಲ್ಲದೆ ನಿಂತೇ ಇದ್ದ.

ಮುಷ್ಕರ ಮುರಿಯಿತು. ಎಷ್ಟೋ ಜನರ ಮನೆ ಹೋಯಿತು, ನಿನ್ನದೂ. ನೀನು ಒಹಾಯೊಗೆ ಹೋದೆ. ಅವನು ಇಲ್ಲೇ ಉಳಿದ. ಗಣಿ ಮುಚ್ಚುವ ತನಕ ನೀರೆತ್ತಿದ. ಒಂದು ಲೋಟ ಬಿಯರ್ ಅವನ ಜೊತೆ ಕುಡಿದವರಿಲ್ಲ. ಕಂಪನಿ ಪಂಪು ಕಿತ್ತುಕೊಂಡು ಹೋದ ಮೇಲೆ ನೀರು ಹೇಗೂ ಏರಿತು. ಈಗ ಹಳ್ಳದಲ್ಲಿ ತುಕ್ಕಿನ ಬಣ್ಣದ ನೀರು ಬರುತ್ತದೆ, ಅದು ಮಾತುಷ್ ಮಲಗಿರುವ ಆ ಗಣಿಯದೇ. ನಾನು ಅದನ್ನು ದಾಟುವಾಗಲೆಲ್ಲ ಶಿಲುಬೆ ಗುರುತು ಮಾಡಿಕೊಳ್ಳುತ್ತೇನೆ.

ಯಾರದು ಸರಿ ಎಂದು ನಾನು ಕೇಳುತ್ತಿಲ್ಲ ಎಮಿಲ್. ಕ್ಷಮಿಸು ಅಂತಲೂ ಅನ್ನುವುದಿಲ್ಲ. ಒಂದು ಸಲ ಎದ್ದು ನಿಲ್ಲು, ಅಷ್ಟೇ. ನಮ್ಮ ತಾಯಿಯ ಮಗ ಬಾಡಿಗೆಯವರ ಕೈಯಲ್ಲಿ ಮಣ್ಣಿಗೆ ಹೋಗಬಾರದು.

ನಿನ್ನ ದಾರಿ ನೋಡುವ,
ಯೋಲಾನಾ


ಹಾರ್ಕರ್ಸ್ ಗ್ಯಾಪ್
19 ಅಕ್ಟೋಬರ್ 1986

ಎಮಿಲ್,

ಈ ಸಲ ಪ್ರೀತಿಯ ಒಕ್ಕಣೆ ಕೈಗೆ ಬರುತ್ತಿಲ್ಲ, ತಪ್ಪು ತಿಳಿಯಬೇಡ.

ನೀನು ಬಂದೆ. ಸಿರಿಲ್ ಹೋದನೆಂದು ತಂತಿ ಕೊಟ್ಟಾಗ ನೀನು ಬರುತ್ತೀ ಎಂಬ ನಂಬಿಕೆ ನನಗೆ ಅರ್ಧವೇ ಇತ್ತು. ಪಾದ್ರಿ ಧೂಪ ಹಾಕುವಾಗ ಬಾಗಿಲು ಕಿರ್ರೆಂದಿತು. ತಿರುಗಿ ನೋಡಿದರೆ ನೀನು. ಕೂದಲೆಲ್ಲ ಬಿಳಿ, ಥೇಟ್ ಅಪ್ಪನ ನಡಿಗೆ. ಕಂಕುಳಲ್ಲಿ ಆ ಹಳೇ ಗ್ಲೌಸ್. ಎರಡನೇ ಬೆಂಚಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಪಾವೊಲ್ ಮೊದಲಾದ ಮುದುಕರು ತಂಡದ ಟೋಪಿ ಕೈಯಲ್ಲಿ ಹಿಡಿದು ನಿನ್ನ ಹಿಂದೆಯೇ ಕೂತಿದ್ದರು. “ದೇವರೇ, ನಮ್ಮನ್ನು ಕೈಬಿಡಲಿಲ್ಲ ನೀನು” ಎಂದು ನಾನು ಬಾಯಿ ಬಿಟ್ಟೇ ಅಂದೆ.

ಹಾಡುವವರು ನಿಲ್ಲಿಸಿದರು. ಪಾದ್ರಿ ನಿನ್ನನ್ನೇ ನೋಡಿದರು. ಇಡೀ ಚರ್ಚು ನಿನ್ನ ಬೆನ್ನು ನೋಡಿತು. ನೀನು ಗ್ಲೌಸಿನ ದಾರ ಬಿಗಿಮಾಡುತ್ತಾ ಕೂತೇ ಇದ್ದೆ. ಕೊನೆಗೆ ಪಾವೊಲ್ ಮುಂದಕ್ಕೆ ಬಾಗಿ, “ಏಳೋ ಎಮಿಲ್. ಆಗಿದ್ದಾಯ್ತು, ಏಳೋ. ನಮ್ಗೂ ಕೂತು ಕೂತು ಮಂಡಿ ಹಿಡ್ಕೊಂಡಿದೆ” ಅಂದ. ಹೊರಲು ಒಲ್ಲೆ ಎಂದಿದ್ದ ಪಾವೊಲ್! ಪಿಸುಮಾತೆಂದು ಅವನು ಅಂದುಕೊಂಡದ್ದು ಕಡೆಯ ಬೆಂಚಿಗೂ ಕೇಳಿಸಿತು. ನೀನು ಏಳಲಿಲ್ಲ.

ಶವಸಂಸ್ಕಾರದ ಅಂಗಡಿಯ ಇಬ್ಬರು ಗಾಲಿ ಬಂಡಿಯ ಮೇಲೆ ಸಿರಿಲ್‌ನನ್ನು ತಳ್ಳಿಕೊಂಡು ಹೋದರು. ಒಂದು ಗಾಲಿ ಕೀಚು ಕೀಚು ಅನ್ನುತ್ತಿತ್ತು. ಅಷ್ಟು ಜನ ಆಡಿದವರಿದ್ದೂ ಆ ಪೆಟ್ಟಿಗೆಗೆ ಒಂದು ಹೆಗಲು ಸೋಕಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ನೀನು ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಕಂಡೆ ಎಂದು ಯಾರೋ ಅಂದರು. ಪಾವೊಲ್ ಎರಡು ದಿನ ಬಾರು ತೆಗೆಯಲಿಲ್ಲ. ಒಳಗೆ ಕತ್ತಲಲ್ಲಿ ಕೂತು ಅಳುತ್ತಾನೆ, ಏಕೆಂದು ಕೇಳಿದರೆ ಬೈಯುತ್ತಾನೆ ಎಂದಳು ಅವನ ಹೆಂಡತಿ.

ನನಗೆ ನಿನ್ನ ಮೇಲೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ. ಏಳದವನು ಗ್ಲೌಸ್ ಯಾಕೆ ತಂದೆ? ಒಹಾಯೊದಿಂದ ಅಷ್ಟು ದೂರ ಅದನ್ನು ಹೊತ್ತು ಬಂದೆಯಲ್ಲ, ಬಸ್ಸಿನಲ್ಲಿ ಎಲ್ಲಿ ಇಟ್ಟುಕೊಂಡಿದ್ದೆ, ತೊಡೆಯ ಮೇಲೋ, ಚೀಲದಲ್ಲೋ? ರಾತ್ರಿ ನಿದ್ದೆ ಬಾರದೆ ಇಂಥದನ್ನೇ ಯೋಚಿಸುತ್ತೇನೆ. ಉತ್ತರ ಬರೆಯಬೇಕೆಂದೇನಿಲ್ಲ.

ಅಕ್ಕ,
ಯೋಲಾನಾ

ಮರೆತು ಉಳಿದದ್ದಲ್ಲ, ಬೇಕೆಂದೇ ಬಿಟ್ಟದ್ದು: ಸಿರಿಲ್ ನಿನ್ನ ಹೆಸರು ಎತ್ತಿದ ಎಂದು ಬರೆದಿದ್ದೆ. ಏನಂದ ಎಂದು ಬರೆಯಲಿಲ್ಲ. “ಎಮಿಲ್‌ನ ಕರೀಬೇಡ ಅಕ್ಕಾ. ಅವತ್ತು ಅವ್ನು ಚೆಂಡು ಹಿಡೀದೆ ಬಿಟ್ಟಿದ್ದು ಸರಿ. ನಾನು ಕೆಳಗಿಳ್ದಿದ್ದೂ ಸರಿ. ಈಗ ಅವ್ನು ಎದ್ದು ನಿಂತ್ರೆ ಇಬ್ರಲ್ಲಿ ಒಬ್ರುದು ಸುಳ್ಳಾಗತ್ತೆ. ಹಾಗಾಗೋದು ಬೇಡ.” ಇದು ಅವನು ಅಂದದ್ದು. ನೀವಿಬ್ಬರೂ ಒಂದೇ ಮಾತಿನವರು, ನಡುವೆ ಬೇರೆ ಆಸೆ ಇಟ್ಟುಕೊಂಡವಳು ನಾನೊಬ್ಬಳೇ. ಇದನ್ನು ಮೊದಲೇ ಬರೆದಿದ್ದರೆ ನೀನು ಬಸ್ಸೇ ಹತ್ತುತ್ತಿರಲಿಲ್ಲ. ನಾನು ಸಾಯುವುದರೊಳಗೆ ನಿನ್ನ ಮುಖ ನೋಡಬೇಕಿತ್ತು, ಬಾಗಿಲಲ್ಲಿ ಒಂದು ಗಳಿಗೆ ಕಂಡದ್ದು ಬಿಟ್ಟರೆ ಹಿಂದಿನಿಂದ ನೋಡಿದ್ದೇ ಆಯಿತು. ಎಮಿಲ್, ನನ್ನ ಸರದಿಯೂ ಬರುತ್ತದೆ. ನಾನು ಆಡಿದವಳಲ್ಲ, ಬರೀ ನೋಡಿದವಳು. ನನ್ನ ಪೆಟ್ಟಿಗೆಗೆ ಯಾರು ಮೊದಲು ಏಳಬೇಕೆಂಬ ಪದ್ಧತಿ ಏನೂ ಇಲ್ಲ. ಅವತ್ತು ಬರಿಗೈಯಲ್ಲಿ ಬಾ, ಹೊರು.