ಸಮೀಕ್ಷೆಯವಳಿಗೆ ಕೊಟ್ಟ ಉತ್ತರ

ಮಂಗಳವಾರ, ಹದಿನಾಲ್ಕು.

ಹಾಗಂತ ನಾನು ಪೂರ್ತಿ ಸುಳ್ಳೇನೂ ಹೇಳಲಿಲ್ಲವಲ್ಲ. ಸಮೀಕ್ಷೆಗೆ ಬಂದ ಹುಡುಗಿ ಕೇಳಿದಳು: "ಅಂಕಲ್, ನೀವೂ ಹೊರಗಿಂದ ಬಂದವ್ರು, ಹಿಂದಿನ ಬೀದಿಯವ್ರೂ ಹೊರಗಿಂದ ಬಂದವ್ರು. ಅವ್ರು ಯಾಕೆ ನಿಮ್ಮಷ್ಟು ಮೇಲೆ ಬರ್ಲಿಲ್ಲ?"

ಕಾಲೇಜಿನ ಇಂಗ್ಲಿಷು ನಾಲಿಗೆಗೆ ಬಂತು. "ಹಾರ್ಡ್ ವರ್ಕ್, ಮೇಡಂ" ಎಂದುಬಿಟ್ಟೆ.

ನನ್ನನ್ನು ಕಾರ್ಖಾನೆಯೇ ಟಿಕೆಟ್ಟು, ಮನೆ ಕೊಟ್ಟು ಕರೆಸಿಕೊಂಡಿತ್ತು. ಗಡಿ ದಾಟಿ ಓಡಿಬಂದ ಹಿಂದಿನ ಬೀದಿಯವರಿಗೆ ಆರು ವರ್ಷ ಕೆಲಸದ ಪರವಾನಗಿಯೇ ಸಿಗಲಿಲ್ಲ. ಅದನ್ನು ಹೇಳಲಿಲ್ಲ.

ನಾನು ಉತ್ತರ ಕೊಡುವಾಗ ಆ ಬೀದಿಯ ಟೈಲರಮ್ಮ ಹೊಲಿದ ನನ್ನ ಪ್ಯಾಂಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ನನ್ನವಳು ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ದಿನಾ ಬಂದು ತಲೆ ಬಾಚಿದವಳು. "ಅಣ್ಣಾ, ಸೊಂಟ ಬಿಗಿ ಆದ್ರೆ ಹೇಳಿ, ಬಿಚ್ಚಿ ಹೊಲಿತೀನಿ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿಯ ನಂಬರಿನ ಚೀಟಿ ಮುಂದಿದೆ. ಉತ್ತರ ತಿದ್ದಿಸಬೇಕು. ಬೆಳಕು ಹೋಗುತ್ತಿದೆ, ಅಂಕಿ ಕಾಣುತ್ತಿಲ್ಲ. ದೀಪ ಹಾಕಿದರೆ ಫೋನ್ ಮಾಡಲೇಬೇಕಾಗುತ್ತದೆ.