ಹೊರದೇಶಕ್ಕೆ ಒಪ್ಪದ ಜಗಳ

ಹುಬ್ಬಳ್ಳಿ, ಫೆಬ್ರವರಿ ೩೦, ೨೧೬೯

ನನಗಿಂತ ನೂರೈವತ್ತು ವರ್ಷ ಹಿಂದೆ ಸಿನಿಮಾ ಮಾಡುವ ದೊಡ್ಡವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಓದಿದ್ದು ಐದನೇ ಇಯತ್ತೆಯ ಅರ್ಧ. ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ ಎಂದು ಮೂರು ದಿನದಿಂದ ಅನ್ನ ಸೇರಿಲ್ಲ.

ನನ್ನ ಹೆಸರು ದೇಮವ್ವ. ಇಲ್ಲಿನ ದೊಡ್ಡ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ ಒರೆಸುವ ಕೆಲಸ ಮಾಡಿದೆ. ಒರೆಸುವುದೆಂದರೆ ನೆಲವಲ್ಲ, ಸಿನಿಮಾ. ನಮ್ಮ ಸಿನಿಮಾಗಳು ತಯಾರಾಗುತ್ತಿದ್ದದ್ದೇ ನಲವತ್ತು ಹೊರದೇಶಗಳಿಗೆ. ಊರಿನ ಟಿಕೆಟ್ಟಿನಿಂದ ಸೆಟ್ಟಿನ ಬಣ್ಣದ ಖರ್ಚೂ ಹುಟ್ಟುವುದಿಲ್ಲ ಎನ್ನುತ್ತಿದ್ದರು. ಪ್ರತಿ ದೇಶದಿಂದ ಒಂದು ಬೇಡಪಟ್ಟಿ ಬರುತ್ತಿತ್ತು. ಒಬ್ಬರಿಗೆ ದೆವ್ವ ಬೇಡ, ಒಬ್ಬರಿಗೆ ಕೈಯಲ್ಲಿ ಉಣ್ಣುವುದು ಬೇಡ, ಇನ್ನೊಬ್ಬರಿಗೆ ಹೆಂಗಸು ಎದುರುತ್ತರ ಕೊಡುವುದು ಬೇಡ. ಎಲ್ಲರ ಬೇಡಗಳನ್ನೂ ಕೂಡಿಸಿ ಒರೆಸಿದರೆ ಉಳಿಯುತ್ತಿದ್ದದ್ದು ಓಟ, ಹೊಡೆತ, ಸ್ಫೋಟ. ಈ ಚಾಳಿ ಶುರು ಮಾಡಿದವರು ನೀವು. ಮೊದಲು ಒಂದು ಮಾತು ತೆಗೆದಿರಿ, ಆಮೇಲೆ ಒಂದು ದೃಶ್ಯ. ನಾಚಿಕೆಯಾಗಲಿಲ್ಲವೇ?

ಒರೆಸದ ಮೂಲಕ್ಕೆ ನಾವು ಊರಪ್ರತಿ ಎನ್ನುತ್ತಿದ್ದೆವು. ಅದು ಹೊರಗೆ ಸೋರಿದರೆ ವ್ಯಾಪಾರ ಮುರಿಯುತ್ತದೆಂದು ಅದನ್ನೂ ಅಳಿಸಬೇಕೆಂಬ ಕಟ್ಟಳೆಯಿತ್ತು.

ನನ್ನ ಅಕ್ಕ ಕಸ್ತೂರವ್ವ ಒಂದೇ ಒಂದು ಸಿನಿಮಾದಲ್ಲಿ ಮಾತಾಡಿದ್ದಳು. ನೀರಿನ ಟ್ಯಾಂಕರ್ ಮುಂದೆ ನಾಲ್ಕು ನಿಮಿಷದ ಜಗಳ. ನೀರು ಬಿಡದ ಮಾಲಕನಿಗೆ, "ಮೋಡಕ್ಕ ನೀ ತಾಳಿ ಕಟ್ಟೀಯೇನಲೇ? ಸರಿ ಅತ್ಲಾಗ!" ಎಂದಳು. ಬರೆದುಕೊಟ್ಟದ್ದು ಅದೊಂದೇ ಸಾಲು, ಮಿಕ್ಕದ್ದೆಲ್ಲ ಬಾಯಿಗೆ ಬಂದದ್ದು. ಲೈಟ್ ಹಿಡಿದವರೂ ನಕ್ಕು ಕೂತರು. ಏಳು ದೇಶಕ್ಕೆ ಒಪ್ಪಲಿಲ್ಲ. ಒರೆಸಿದೆ.

ನನ್ನ ಜೊತೆಯವರು ಊರಪ್ರತಿ ಅಳಿಸಿ, ಇನ್ನೊಂದು ಕಡೆ ಇಟ್ಟಿರುತ್ತಿದ್ದ ಅದರ ಜೋಡಿಪ್ರತಿ ಮರೆತು ಚಹಾಕ್ಕೆ ಹೋಗುತ್ತಿದ್ದರು. ನಾನೋ ಬಾಗಿಲ ಚಿಲಕವನ್ನೂ ಮೂರು ಸಲ ಎಳೆದು ನೋಡುವವಳು. ಕೆಲಸ ಹೋದೀತೆಂಬ ಹೆದರಿಕೆಗೆ ಅಕ್ಕನ ಜಗಳದ ಜೋಡಿಪ್ರತಿಯನ್ನೂ ಹುಡುಕಿ ಅಳಿಸಿದೆ.

ಹೋದ ವರ್ಷ ಆ ನಲವತ್ತು ದೇಶಗಳೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಅವರ ಸಿನಿಮಾ ಅವರೇ ಚೆನ್ನಾಗಿ ಮಾಡಿಕೊಳ್ಳುತ್ತಾರಂತೆ. ಈಗ ನಮ್ಮ ಧಣಿಗಳಿಗೆ ಊರಿನ ಜನ ನೆನಪಾಗಿದ್ದಾರೆ. ಸೋಮಾರಿಗಳು ಮರೆತು ಬಿಟ್ಟ ಹನ್ನೊಂದು ಜೋಡಿಪ್ರತಿಗಳು ಇಲ್ಲಿ ಕಿಕ್ಕಿರಿದು ಓಡುತ್ತಿವೆ. ಮೊನ್ನೆ ಮ್ಯಾನೇಜರ್ ರುದ್ರಸ್ವಾಮಿ ಮನೆಗೇ ಬಂದ.

"ದೇಮಕ್ಕಾ, ಆ ಟ್ಯಾಂಕರ್ ಜಗಳ ಎಲ್ಲೆರ ಐತೇನ? ಮಂದಿ ಅಂಥಾದ್ದ ಕೇಳಾಕತ್ತಾರ."

ಒರೆಸು ಎಂದಿದ್ದ ಅದೇ ಬಾಯಿ! "ನೀವ ಒರಸಂದ್ರಿ, ಒರಸೀನಿ. ಹೊರದೇಶಕ್ಕ ಹೋಗಿ ಕೇಳ್ರಿ, ಅವ್ರ ಪಟ್ಟ್ಯಾಗ ಸಿಕ್ಕೀತು!" ಎಂದು ಅಟ್ಟಿದೆ.

ಆದರೆ ಅಕ್ಕನನ್ನು ಹೇಗೆ ಅಟ್ಟಲಿ? ಕಳೆದ ಮಳೆಗಾಲ ಅವಳ ಗಂಟಲಿನ ಆಪರೇಷನ್ ಆಯಿತು, ದನಿ ಹೋಯಿತು. ಮೊಮ್ಮಗಳು "ಅಜ್ಜಿ ಹೆಂಗ ಮಾತಾಡ್ತಿದ್ಲು?" ಎಂದು ಕೇಳಿದಾಗಲೆಲ್ಲ ಅಕ್ಕ ನಗುತ್ತ ನನ್ನ ಕಡೆ ಬೆರಳು ತೋರಿಸುತ್ತಾಳೆ. ಇಷ್ಟು ಜೋಪಾನದ ತಂಗಿ ತನ್ನ ಜಗಳವನ್ನು ಎತ್ತಿಟ್ಟಿರುತ್ತಾಳೆಂದು ಅವಳ ನಂಬಿಕೆ.

ಹೊರಗೆ ಮಾರಿ, ಬೇಡವೆನ್ನುವುದಿಲ್ಲ. ಕೊಳ್ಳುವವರು ಇವತ್ತು ಇರುತ್ತಾರೆ, ನಾಳೆ ಇರುವುದಿಲ್ಲ. ಊರಪ್ರತಿ ಇಡಿ. ಅಳಿಸು ಎಂದು ಯಾರಾದರೂ ಹೇಳಿದರೆ ದಯಮಾಡಿ ಸೋಮಾರಿಗಳಾಗಿ, ಚಹಾಕ್ಕೆ ಹೋಗಿ.

ನಾಳೆ ಅಕ್ಕ ಮೊಮ್ಮಗಳನ್ನು ಕರೆದುಕೊಂಡು ಬರುತ್ತಾಳೆ. ಹೇಳಲೇಬೇಕು. ಬೈದುಬಿಡು ಅನ್ನೋಣವೆಂದರೆ, ಬೈಯಲು ಅವಳಿಗೆ ದನಿಯೇ ಇಲ್ಲ.

ದೇಮವ್ವ