ಬಾಗಿಲು ದಾಟಿದ ಗಂಟೆ

ಜಡಿಗೇನಹಳ್ಳಿ, ಹೊಸಕೋಟೆ ತಾಲ್ಲೂಕು
೧೨ನೇ ಅಕ್ಟೋಬರ್ ೧೯೪೩, ಮಂಗಳವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ಗಂಗಲಕ್ಷ್ಮಿ ಮಾಡುವ ನಮಸ್ಕಾರಗಳು.

ಮೈ ಹುಷಾರಾಗಿದೆಯೇ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ? ನಿಮ್ಮ ದಂಡಿನ ಪಟಾಲಂ ಎಲ್ಲಿದೆ ಎಂದು ನೀವು ಬರೆಯುವಂತಿಲ್ಲವಂತೆ, ಬೇಡ. ಅಲ್ಲಿ ಮಳೆಯೋ ಬಿಸಿಲೋ ಅಷ್ಟಾದರೂ ತಿಳಿಸಿ. ಯುಗಾದಿ ಆದಮೇಲೆ ನಿಮ್ಮದೊಂದು ಕಾಗದವೂ ಇಲ್ಲ. ಬೈರಣ್ಣ ನಿಮ್ಮ ಜೊತೆಗೇ ಇದ್ದಾನೆ ತಾನೇ? ಮಗನೂ ನೀವೂ ಈಗಲೂ ಜೊತೆಗೇ ಉಣ್ಣುತ್ತೀರೋ ಎಂದು ಅವನ ತಾಯಿ ಅಂಜಿನಮ್ಮ ದಿನಾ ನನ್ನನ್ನು ಕೇಳುತ್ತಾರೆ, ನಾನೇ ಬಡಿಸಿ ಬಂದವಳ ಹಾಗೆ. ಇಲ್ಲಿ ಅತ್ತೆಯವರೂ ಮೈದುನ ಪಿಳ್ಳಪ್ಪನೂ ಚೆನ್ನಾಗಿದ್ದಾರೆ. ರಾಗಿ ತೆನೆ ಬಿಟ್ಟಿದೆ.

ಇನ್ನು ನನ್ನ ವಿಷಯ. ಕೋಪ ಮಾಡಿಕೊಳ್ಳಬೇಡಿ, ಅಟ್ಟದಲ್ಲಿದ್ದ ನಿಮ್ಮ ಸೈಕಲ್ಲನ್ನು ಪಿಳ್ಳಪ್ಪನ ಕೈಲಿ ಇಳಿಸಿದೆ. ಅಂಚೆಯವನು ನಮ್ಮ ಕಡೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನಾನೇ ಹೊಸಕೋಟೆಗೆ ಹೋಗಿ ನಿಮ್ಮ ಕಾಗದ ಬಂದಿದೆಯೇ ಎಂದು ಕೇಳಿ ಬರಬಾರದೇಕೆ ಎನ್ನಿಸಿತು. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪನ ಬಾಡಿಗೆ ಸೈಕಲ್ ಅಂಗಡಿಯಲ್ಲೇ ಬೆಳೆದವಳು ನಾನು. ದೊಡ್ಡವಳಾದ ದಿನ ಅಮ್ಮ ಬಿಡಿಸಿದ್ದು, ಆಮೇಲೆ ಮುಟ್ಟಿರಲಿಲ್ಲ. ಅತ್ತೆಗೆ ಹೇಳದೆ ಒಣಗಿದ ಕೆರೆ ಅಂಗಳಕ್ಕೆ ತಳ್ಳಿಕೊಂಡು ಹೋಗಿ, ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದೆ. ಎರಡು ಸಲ ಬಿದ್ದೆ. ಆಮೇಲೆ ಕಾಲಿಗೆ ತಾನಾಗಿಯೇ ನೆನಪು ಬಂತು. ಚಿಕ್ಕವಳಿದ್ದಾಗಿನಂತೆಯೇ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದೆ. ನನಗೇ ನಗು ಬಂತು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು.

ಆ ಸಂತೋಷದಲ್ಲಿ ಏರಿ ಮೇಲಿಂದ ನಮ್ಮ ಬೀದಿಗೆ ಇಳಿಸಿದ್ದೇ ತಪ್ಪಾಯಿತು. ಬ್ರೇಕಿನ ರಬ್ಬರು ಒಣಗಿ ಹೋಗಿತ್ತು, ಹಿಡಿಯಲಿಲ್ಲ. ಮಕ್ಕಳು ಮರಿ ಅಡ್ಡ ಬಂದಾರೆಂದು ಒಂದೇ ಸಮನೆ ಗಂಟೆ ಬಾರಿಸಿಕೊಂಡು, ನಮ್ಮ ಮನೆಯನ್ನೂ ದಾಟಿ ಬೀದಿಯ ಕೊನೆಯ ತಿಪ್ಪೆಗೆ ಹೋಗಿ ಬಿದ್ದೆ. ಪಿಳ್ಳಪ್ಪ ಸೈಕಲ್ಲನ್ನು ಎತ್ತುತ್ತಿದ್ದಂತೆ ನಾನು ಕುಂಟಿಕೊಂಡು ಮನೆ ಕಡೆ ಬಂದರೆ, ಒಳಗೆ ನಿಮ್ಮ ಹೆಸರು ಹಿಡಿದು ಅಳುತ್ತಿದ್ದಾರೆ.

ಏನು ಹೇಳಲಿ. ಹೊಸ್ತಿಲಲ್ಲೇ ಕುಸಿದೆ. ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರು. ಅಂಜಿನಮ್ಮ ನನ್ನನ್ನು ತಬ್ಬಿಕೊಂಡು, ಹೆತ್ತ ಮಗನನ್ನೇ ಕಳೆದುಕೊಂಡವರ ಹಾಗೆ ಅತ್ತರು. ತಂತಿ ಯಾವಾಗ ಬಂತು, ಯಾರು ತಂದರು ಎಂದು ನಾನು ಕೇಳಲಿಲ್ಲ. ನನ್ನ ಲೋಕ ಅಲ್ಲಿಗೆ ಮುಗಿಯಿತು ಎಂದುಕೊಂಡು ಕೈಯನ್ನು ನೆಲಕ್ಕೆ ಅಪ್ಪಳಿಸಿದೆ, ಬಳೆ ಒಡೆದವು. ಆಗ ಪಿಳ್ಳಪ್ಪ ಬಂದು, "ತಂತಿ ಎಲ್ಲಿ? ಯಾರು ತಂದ್ರು?" ಅಂದ. ತಂತಿಯನ್ನು ಯಾರೂ ನೋಡಿರಲಿಲ್ಲ. ಹೋದ ವರ್ಷ ಲಕ್ಷ್ಮಯ್ಯನವರ ಮಗ ದಂಡಿನಲ್ಲಿ ತೀರಿಕೊಂಡ ತಂತಿ ಸೈಕಲ್ಲಿನಲ್ಲಿ ಬಂದಾಗಿನಿಂದ, ಸೈಕಲ್ ಗಂಟೆ ಎಂದರೆ ನಮ್ಮ ಬೀದಿಗೆ ಸಾವೇ. ಈಗ ದಂಡಿಗೆ ಹೋದವರಿರುವುದು ಎರಡೇ ಮನೆ, ನಮ್ಮದು ಮತ್ತು ಅಂಜಿನಮ್ಮನದು. "ನನ್ನ ಬಾಗ್ಲು ದಾಟ್ತು, ಅಂದ್ರೆ ನಿಮ್ಮನೇಗೇ ಅಂತ ಓಡ್ಬಂದೆ," ಅಂದರು ಅಂಜಿನಮ್ಮ. ಪಿಳ್ಳಪ್ಪ, "ಗಂಟೆ ಹೊಡ್ದಿದ್ದು ಅತ್ತಿಗೆ ಕಣಮ್ಮಾ," ಅಂದ.

ಅತ್ತೆ ನನ್ನ ಬೆನ್ನಿಗೆ ಎರಡು ಗುದ್ದಿದರು. ಆಮೇಲೆ ತಲೆ ನೇವರಿಸಿದರು. ಕಾಗೆ ತಲೆ ಮುಟ್ಟಿದರೆ ದೋಷ ಕಳೆಯಲೆಂದು ನೆಂಟರಿಗೆ ಸುಳ್ಳು ಸಾವು ಹೇಳಿ ಕಳಿಸಿ ಅಳಿಸುತ್ತಾರಲ್ಲ, ಇದೂ ಹಾಗೇ ಅಂದರು. "ಇಷ್ಟು ಜನ ಅತ್ತವ್ರೆ, ನನ್ನ ಮಗನ ಗಂಡಾಂತರ ಕಳೀತು. ಇನ್ಮೇಲೆ ದಿನಾ ಗಂಟೆ ಹೊಡ್ಕೊಂಡೇ ಬಾ, ಜನಕ್ಕೆ ಭಯ ಬಿಡ್ಲಿ." ಅವತ್ತೇ ಹೊಸ ಬಳೆ ತೊಡಿಸಿದರು. ಈಗ ದಿನಾ ಸೈಕಲ್ ತುಳಿಯುತ್ತಿದ್ದೇನೆ. ನಾನು ಗಂಟೆ ಬಾರಿಸಿದರೆ ಅಂಜಿನಮ್ಮ ಒಳಗಿನಿಂದಲೇ, "ಯಾರ ತಂತಿ ತಂದ್ಯೇ ಗಂಗಾ?" ಎಂದು ನಗುತ್ತಾರೆ. ನಾಳೆ ಈ ಕಾಗದ ಹಾಕಲು ಹೊಸಕೋಟೆಗೆ ನಾನೇ ಹೋಗುತ್ತೇನೆ.

ಅತ್ತೆಯವರ ಆಶೀರ್ವಾದ, ಪಿಳ್ಳಪ್ಪನ ನಮಸ್ಕಾರ. ಬೈರಣ್ಣನಿಗೆ ಅವನ ತಾಯಿ ಕೇಳಿದರೆಂದು ಹೇಳಿ.

ನಿಮ್ಮ ದಾರಿ ನೋಡುತ್ತಿರುವ,
ಗಂಗಲಕ್ಷ್ಮಿ

ಮರುದಿನ ಸೇರಿಸಿದ್ದು: ಹೊರಡುವವಳಿದ್ದೆ. ಬೀದಿಯಲ್ಲಿ ಗಂಟೆ ಕೇಳಿತು. ನಿಮ್ಮ ಸೈಕಲ್ಲು ನನ್ನ ಕೈಯಲ್ಲೇ ಇತ್ತು. ಬೀದಿಯಲ್ಲಿ ಒಬ್ಬರೂ ಎದ್ದು ಬರಲಿಲ್ಲ, ನಾನೇ ಎಂದುಕೊಂಡರು. ಗಂಟೆ ನಮ್ಮ ಮನೆವರೆಗೆ ಬರಲಿಲ್ಲ, ಅಂಜಿನಮ್ಮನ ಬಾಗಿಲಲ್ಲೇ ನಿಂತಿತು. ಅವರು ಒಳಗಿನಿಂದ ನಗುತ್ತಾ, "ಯಾರ ತಂತಿ ತಂದ್ಯೇ ಗಂಗಾ?" ಅಂದದ್ದು ನನಗೂ ಕೇಳಿಸಿತು. ತಂತಿಯವನೇ ಓದಿ ಹೇಳಿದ. ಬೈರಣ್ಣ ಹೋಗಿಬಿಟ್ಟ. ಅವನ ಜೊತೆಗಿದ್ದ ನೀವು ಹೇಗಿದ್ದೀರಿ? ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ. ಅಂಜಿನಮ್ಮ ನನ್ನ ಕೈ ಹಿಡಿದುಕೊಂಡು, "ನಿನ್ನ ಗಂಡನಿಗೆ ಅವತ್ತು ನಾನು ಅತ್ತಿದ್ದೆ. ನನ್ನ ಮಗನಿಗೆ ಸುಳ್ಳಿಗಾದ್ರೂ ಯಾರೂ ಅಳ್ಲಿಲ್ವಲ್ಲೇ," ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ, ಅದನ್ನೂ ಬರೆಯಿರಿ.